ಹೊಸ ರೇಡಿಯೇಟರ್‌ನ ಮೊದಲ ನೀರು

ನನ್ನದು ಚಿಕ್ಕಮಗಳೂರಿನ ಬಸವನಹಳ್ಳಿ ಕಡೆ ಒಂದು ಸಣ್ಣ ಎಡಿಟಿಂಗ್ ರೂಮು. ಮದುವೆ, ಗೃಹಪ್ರವೇಶ, ಹೋಂಸ್ಟೇ ವಿಡಿಯೋ, ಇಷ್ಟೇ ಕೆಲಸ. ಮದುವೆ ಸೀಸನ್ನಿನಲ್ಲಿ ಕಂಪ್ಯೂಟರ್ ರಾತ್ರಿಯಿಡೀ ರೆಂಡರ್ ಮಾಡುತ್ತಾ ಕೂತಿರುತ್ತದೆ. ನಾನು ಅದರ ಪಕ್ಕದಲ್ಲೇ ಚಾಪೆ ಹಾಸಿ ಮಲಗುತ್ತೇನೆ. ಫ್ಯಾನ್ ಸದ್ದು ತಾಳಲಾರದೆ ವಾಟರ್ ಕೂಲಿಂಗ್‌ಗೆ ಬಂದವನು ನಾನು, ಗೇಮ್ ಆಡೋದಕ್ಕಲ್ಲ. ಪ್ರೊಸೆಸರ್ ಮೇಲೆ ಕೂರುವ ವಾಟರ್ ಬ್ಲಾಕ್ ಅನ್ನುವ ತಾಮ್ರದ ತುಂಡಿನಲ್ಲಿ ಕೂಲೆಂಟ್ ಅನ್ನುವ ದ್ರವ ಬಿಸಿ ಹೀರಿಕೊಂಡು, ಪಂಪಿನ ಬಲದಿಂದ ರೇಡಿಯೇಟರ್‌ಗೆ ಹೋಗಿ, ಅಲ್ಲಿ ಆರಿ ವಾಪಸ್ ಬರುತ್ತದೆ, ಇಷ್ಟೇ ಇದರ ಕೆಲಸ. "ಈ ಚಳಿ ಊರಲ್ಲಿ ಕಂಪ್ಯೂಟರಿಗೆ ನೀರು ಬೇರೆ ಬೇಕಾ ಮಾರಾಯ?" ಅಂತ ಸ್ನೇಹಿತರು ಕೇಳುತ್ತಾರೆ. ಊರು ತಣ್ಣಗಿದ್ದರೆ ಏನಾಯ್ತು, ಪ್ರೊಸೆಸರ್‌ಗೆ ಅದು ಗೊತ್ತಿಲ್ಲವಲ್ಲ.

ಮೊದಲ ಸಲ ಕಟ್ಟಿದ್ದು 2021ರಲ್ಲಿ. ತಾಮ್ರದ 360 ಎಂಎಂ ರೇಡಿಯೇಟರ್, ಅಂದರೆ 120 ಎಂಎಂನ ಮೂರು ಫ್ಯಾನ್ ಸಾಲಾಗಿ ಕೂರುವಷ್ಟು ಉದ್ದದ್ದು. ಡಬ್ಬಿಯಿಂದ ತೆಗೆದರೆ ಒಂದು ಗೀರಿಲ್ಲ, ಫಳಫಳ ಕಪ್ಪು ಬಣ್ಣ. ಇಷ್ಟು ಚೆನ್ನಾಗಿರುವುದನ್ನು ತೊಳೆಯುವುದೇನು ಅಂತ ಒಂದೇ ಒಂದು ಸಲ ನಲ್ಲಿ ಕೆಳಗೆ ಹಿಡಿದು, ನೀರು ಬಗ್ಗಿಸಿ, ಕೂರಿಸಿಬಿಟ್ಟೆ. ಮೂರು ವಾರಕ್ಕೆ ನೀಲಿ ಕೂಲೆಂಟ್ ಕಂದು ಬಣ್ಣಕ್ಕೆ ತಿರುಗಿತು. ಐದನೇ ವಾರ, ಮಾರನೇ ದಿನ ಆರತಕ್ಷತೆಯಲ್ಲಿ ತೋರಿಸಬೇಕಿದ್ದ ವಿಡಿಯೋ ಅರ್ಧಕ್ಕೆ ಬಂದಿದ್ದಾಗ, ಪ್ರೊಸೆಸರ್ 95 ಡಿಗ್ರಿ ತೋರಿಸಿ ಆಮೆಯಾಯಿತು. ರಾತ್ರಿ ಎರಡು ಗಂಟೆಗೆ ವಾಟರ್ ಬ್ಲಾಕ್ ಬಿಚ್ಚಿದೆ. ಒಳಗಿನ ತಾಮ್ರದಲ್ಲಿ ನೀರು ಹರಿಯಲೆಂದು ಕೊರೆದ ಗೀರುಗಳ ತುಂಬ ಕಪ್ಪು ಜಿಡ್ಡು. ಜಿಡ್ಡಿಗೆ ಅಂಟಿಕೊಂಡ ಲೋಹದ ಚೂರುಗಳು ಟಾರ್ಚ್ ಬೆಳಕಿಗೆ ಮಿನುಗುತ್ತಿದ್ದವು. ಆ ಗೀರುಗಳ ಅಗಲ ಅರ್ಧ ಮಿಲಿಮೀಟರ್ ಕೂಡ ಇರುವುದಿಲ್ಲ. ಅಲ್ಲಿ ಕಟ್ಟಿಕೊಳ್ಳುವುದಕ್ಕೆ ಎಷ್ಟು ಕಸ ಬೇಕು ಹೇಳಿ. ಹಳೇ ಟೂತ್‌ಬ್ರಷ್ ಹಿಡಿದು ಉಜ್ಜುತ್ತಾ ಕೂತಿದ್ದಾಗ ಅಮ್ಮ ಎದ್ದು ಬಂದಳು. ವಿಷಯ ಕೇಳಿ, "ಹೊಸ ಪಾತ್ರೆ ತಂದರೆ ತೊಳೀದೇ ಅಡುಗೆಗೆ ಇಡ್ತೀವೇನೋ?" ಅಂದಳು.

ಅಮ್ಮನ ಹೋಲಿಕೆ ಸುಮ್ನೆ ಮಾತಿಗೆ ಬಂದದ್ದಲ್ಲ, ಸರಿಯಾಗಿಯೇ ಇತ್ತು. ಮೊದಲೆಲ್ಲ ಬೀದಿಗೆ ಕಲಾಯಿ ಹಾಕುವವರು ಬರುತ್ತಿದ್ದರು, ನೆನಪಿದೆಯಾ? ಹಿತ್ತಾಳೆ ಪಾತ್ರೆ ಕಾಯಿಸಿ, ನವಸಾಗರದ ಪುಡಿ ಉದುರಿಸಿ, ಬುಸ್ಸೆಂದು ಬಿಳಿ ಹೊಗೆ ಎದ್ದಾಗ ತವರ ಸವರುತ್ತಿದ್ದರು. ಆ ನವಸಾಗರ ಪಾತ್ರೆಯ ಮೇಲಿನ ಕಿಲುಬನ್ನು ತಿಂದುಹಾಕುತ್ತದೆ. ಹಾಗಾದರೆ ಮಾತ್ರ ತವರ ಹಿಡಿಯುತ್ತದೆ. ರೇಡಿಯೇಟರ್ ಮಾಡುವಾಗ ನಡೆಯುವುದೂ ಇದೇ. ತೆಳು ತಾಮ್ರದ ಚಪ್ಪಟೆ ಕೊಳವೆಗಳನ್ನು ಎರಡು ತುದಿಯ ಹಿತ್ತಾಳೆ ತೊಟ್ಟಿಗಳಿಗೆ ಬೆಸುಗೆ ಹಾಕುತ್ತಾರೆ. ಬೆಸುಗೆ ಹಿಡಿಯಲಿ ಅಂತ ಹಚ್ಚುವ ರಸಾಯನಕ್ಕೆ ಫ್ಲಕ್ಸ್ ಅನ್ನುತ್ತಾರೆ. ಬೆಸುಗೆ ಮುಗಿದ ಮೇಲೂ ಅದು ಒಳಗೆ ಅಲ್ಲಲ್ಲಿ ಉಳಿದಿರುತ್ತದೆ. ಜೊತೆಗೆ ತ್ರೆಡ್ ಕೊರೆದ ಹಿತ್ತಾಳೆ ಪುಡಿ, ಬೆಸುಗೆಯ ಸಣ್ಣ ಉಂಡೆ, ಪೇಂಟಿನ ಸಿಪ್ಪೆ. ಬಿಸಿಯಾದ ಕೂಲೆಂಟ್ ಈ ಫ್ಲಕ್ಸನ್ನು ನಿಧಾನವಾಗಿ ಕರಗಿಸಿಕೊಳ್ಳುತ್ತದೆ. ಫ್ಲಕ್ಸ್ ಹುಳಿ ಜಾತಿಯದು. ಕೂಲೆಂಟಿಗೆ ಹಾಕಿರುವ ತುಕ್ಕುನಿರೋಧಕವನ್ನೂ ಬಣ್ಣವನ್ನೂ ಅದು ಕೆಡಿಸುತ್ತದೆ. ಆಮೇಲೆ ಎಲ್ಲ ಸೇರಿ ಹೋಗಿ ಕೂರುವುದು ಅತಿ ಕಿರಿದಾದ ಜಾಗದಲ್ಲಿ, ಅಂದರೆ ಬ್ಲಾಕ್‌ನ ಗೀರುಗಳಲ್ಲಿ. ಕಲಾಯಿ ಹಾಕಿಸಿ ತಂದ ಪಾತ್ರೆಯಲ್ಲಿ ಅಮ್ಮ ಮೊದಲು ನೀರು ಕುದಿಸಿ ಚೆಲ್ಲುತ್ತಿದ್ದಳು. ಆ ಕೆಲಸ ನಾನು ಮಾಡಿರಲಿಲ್ಲ, ಅಷ್ಟೇ.

ಅದಾದ ಮೇಲೆ ನನಗೂ ಸ್ನೇಹಿತರಿಗೂ ಸೇರಿ ಆರು ರೇಡಿಯೇಟರ್ ತೊಳೆದಿದ್ದೇನೆ. ಈಗ ಮಾಡುವ ಕ್ರಮ ಹೇಳುತ್ತೇನೆ.

ಶುರು ಮಾಡುವ ಮುಂಚೆ ರೇಡಿಯೇಟರ್ ಯಾವ ಲೋಹದ್ದು ಅಂತ ನೋಡಿಕೊಳ್ಳಿ. ಕಂಪನಿಯಿಂದಲೇ ಮುಚ್ಚಿ ಬರುವ ರೆಡಿ ಕೂಲರ್‌ಗಳ ರೇಡಿಯೇಟರ್ ಸಾಮಾನ್ಯವಾಗಿ ಅಲ್ಯೂಮಿನಿಯಂ. ಅವನ್ನು ಬಿಚ್ಚಲೂ ಬೇಡಿ, ತೊಳೆಯಲೂ ಬೇಡಿ. ಬಿಡಿಯಾಗಿ ಸಿಗುವ ಅಗ್ಗದ ರೇಡಿಯೇಟರ್‌ಗಳೂ ಎಷ್ಟೋ ಸಲ ಅಲ್ಯೂಮಿನಿಯಂ ಆಗಿರುತ್ತವೆ. ಕೈಗೆತ್ತಿಕೊಂಡರೆ ಹಗುರ, ಅದೇ ಗುರುತು. ತಾಮ್ರದ ಬ್ಲಾಕ್ ಇರುವ ಜೋಡಣೆಗೆ ಅದನ್ನು ಸೇರಿಸಿದರೆ ನೀರಿನ ಮೂಲಕ ಎರಡು ಲೋಹದ ನಡುವೆ ಬ್ಯಾಟರಿಯಂಥ ವ್ಯವಹಾರ ಶುರುವಾಗಿ, ಅಲ್ಯೂಮಿನಿಯಂ ಸವೆದುಹೋಗುತ್ತದೆ. ಅದನ್ನು ಎಷ್ಟು ತೊಳೆದರೂ ಉಪಯೋಗವಿಲ್ಲ, ವಾಪಸ್ ಕಳಿಸಿ.

ತಾಮ್ರದ್ದೇ ಆದರೆ ಒಂದು ಬಿಳಿ ಬೇಸಿನ್, ಒಂದು ಆಲಿಕೆ, ದಪ್ಪ ಟವೆಲ್, ಕಾಫಿ ಸೋಸುವ ಬಟ್ಟೆಯ ಹೊಸ ತುಂಡು, ತೂತು ಮುಚ್ಚಲು ಎರಡು ಪ್ಲಗ್ ಹೊಂದಿಸಿಕೊಳ್ಳಿ. ಬೇಸಿನ್ ಬಿಳಿಯೇ ಇರಲಿ, ಸ್ಟೀಲಿನದಾದರೆ ಲೋಹದ ಪುಡಿ ಕಾಣುವುದಿಲ್ಲ. ಬಟ್ಟೆ ಹೊಸದೇ ಆಗಬೇಕು. ಹಳೇ ಬಟ್ಟೆಯಲ್ಲಿ ಕಾಫಿಪುಡಿ ಯಾವುದು, ಕಸ ಯಾವುದು ಗೊತ್ತಾಗಲ್ಲ. ಅಮ್ಮನ ಬಟ್ಟೆ ಕದ್ದು ಒಂದು ಸಲ ಬೈಸಿಕೊಂಡೂ ಆಗಿದೆ.

ಪ್ಲಗ್ ವಿಷಯದಲ್ಲಿ ಒಂದು ಎಚ್ಚರಿಕೆ. ರೇಡಿಯೇಟರ್ ಜೊತೆ ಬರುವ ಪ್ಲಾಸ್ಟಿಕ್ ಬಿರಡೆ ಧೂಳಿಗೆ ಮಾತ್ರ, ಬಿಸಿನೀರು ತುಂಬಿ ಅಲ್ಲಾಡಿಸಿದರೆ ಹಾರಿಹೋಗುತ್ತದೆ. ಹಾಗಂತ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಕಾಲಿಂಚಿನ ನಲ್ಲಿ ಪ್ಲಗ್ ತರಬೇಡಿ. ರೇಡಿಯೇಟರ್ ತ್ರೆಡ್ಡೂ ಕಾಲಿಂಚಿನದೇ, ಅದಕ್ಕೆ ಜಿ ಕಾಲಿಂಚು ಅನ್ನುತ್ತಾರೆ. ಆದರೆ ಅದು ನೇರ ತ್ರೆಡ್. ರಬ್ಬರ್ ರಿಂಗ್ ಅಮುಕಿ ನೀರು ತಡೆಯುತ್ತದೆ. ನಲ್ಲಿ ಪ್ಲಗ್‌ಗಳಲ್ಲಿ ಬಹಳಷ್ಟಕ್ಕೆ ತುದಿಗೆ ಹೋಗ್ತಾ ಸಣ್ಣಗಾಗುವ ತ್ರೆಡ್ ಇರುತ್ತದೆ. ಬಿಗಿ ಮಾಡಿದಷ್ಟೂ ಮೆತ್ತಗಿನ ಹಿತ್ತಾಳೆ ಹಿಗ್ಗುತ್ತದೆ. ವಾಟರ್ ಕೂಲಿಂಗ್ ಫಿಟ್ಟಿಂಗ್ ತರಿಸುವಾಗಲೇ ಎರಡು ಸ್ಟಾಪ್ ಪ್ಲಗ್ ಜಾಸ್ತಿ ತರಿಸಿಕೊಂಡರೆ ಈ ರಗಳೆಯೇ ಇಲ್ಲ.

ಇನ್ನು ನೀರು. ನಮ್ಮ ಬಚ್ಚಲುಮನೆಯಲ್ಲಿ ಇನ್ನೂ ಸೌದೆ ಒಲೆ, ತಾಮ್ರದ ಹಂಡೆ ಇದೆ. ಬೆಳಿಗ್ಗೆ ಬಿಸಿನೀರಿಗೆ ಬರವಿಲ್ಲ. ಕಸ ಹೋಗುವವರೆಗೂ ಹಂಡೆ ನೀರನ್ನೇ ಬಟ್ಟೆಯಲ್ಲಿ ಸೋಸಿ ಬಳಸುತ್ತೇನೆ. ಗೀಸರ್ ನೀರೂ ಆದೀತು. ಕೈ ಅದ್ದಲಾಗದಷ್ಟು ಬಿಸಿ ಇರಬೇಕು, ಕುದಿಯುತ್ತಿರಬಾರದು. ನಮ್ಮೂರು ಸಮುದ್ರಮಟ್ಟಕ್ಕಿಂತ ಸುಮಾರು 1,090 ಮೀಟರ್ ಮೇಲಿದೆ. ಇಲ್ಲಿ ನೀರು 96 ಡಿಗ್ರಿ ಆಸುಪಾಸಿಗೇ ಕುದಿಯುತ್ತದೆ. ಅಷ್ಟಾದರೂ ಅದು ಕುದಿನೀರೇ. ಕೈ ಸುಡುತ್ತದೆ, ಪೇಂಟ್ ಕೀಳಬಹುದು. ಕೆಟಲ್‌ನಲ್ಲಿ ಕಾಯಿಸಿದರೆ ಐದಾರು ನಿಮಿಷ ಆರಲು ಬಿಡಿ.

ಆಲಿಕೆ ಇಟ್ಟು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ತುಂಬಿ. ಪೂರ್ತಿ ತುಂಬಬೇಡಿ. ಬಾಟಲಿ ತೊಳೆಯುವಾಗ ನೋಡಿಲ್ವಾ, ಅರ್ಧ ನೀರಿದ್ದರೆ ಅದು ಒಳಗೆ ಬಡಿಯುತ್ತದೆ, ಭರ್ತಿಯಾಗಿದ್ದರೆ ಸುಮ್ಮನೆ ಕೂತಿರುತ್ತದೆ. ಎರಡೂ ತೂತು ಮುಚ್ಚಿ, ಟವೆಲ್ ಸುತ್ತಿ, ಎರಡು ತುದಿಯನ್ನು ಹಿಡಿದು ಜೋರಾಗಿ ಅಲ್ಲಾಡಿಸಿ. ಮಧ್ಯದ ತಗಡಿನ ಪದರಗಳ ಮೇಲೆ ಬೆರಳು ಒತ್ತಬಾರದು, ಅವು ಕಾಗದದ ಹಾಗೆ ಮಡಚಿಕೊಳ್ಳುತ್ತವೆ. ಅರ್ಧ ನಿಮಿಷಕ್ಕೊಮ್ಮೆ ಒಂದು ಪ್ಲಗ್ ಸಡಿಲಿಸಿ ಗಾಳಿ ಬಿಡಿ, ಮುಖ ದೂರ ಇಟ್ಟುಕೊಂಡು. ಬಿಸಿನೀರಿಗೆ ಒಳಗಿನ ಗಾಳಿ ಹಿಗ್ಗಿರುತ್ತದೆ. ಮೊದಲ ದಿನ ಈ ಬುದ್ಧಿ ಇರಲಿಲ್ಲ. ಪ್ಲಗ್ ತಿರುಗಿಸಿದ ಕೂಡಲೇ ಬಿಸಿ ನೀರು ಚಿಮ್ಮಿ ಕನ್ನಡಕಕ್ಕೆ ಹೊಡೆಯಿತು. ಕನ್ನಡಕ ಇದ್ದದ್ದು ಪುಣ್ಯ.

ನಲ್ಲಿಗೆ ಪೈಪ್ ಸಿಕ್ಕಿಸಿ ಹರಿಯಲು ಬಿಟ್ಟರೆ ಸಾಲದಾ ಅಂತ ಕೇಳುತ್ತಾರೆ. ಸಾಲದು. ಒಳಗೆ ಹತ್ತಾರು ಕೊಳವೆಗಳು ಪಕ್ಕಪಕ್ಕ ಇವೆ. ಹರಿಯುವ ನೀರು ಸಲೀಸಾದ ಕೊಳವೆಗಳನ್ನೇ ಹಿಡಿದು ಹೋಗುತ್ತದೆ, ಕಸ ಕಟ್ಟಿರುವ ಕಡೆ ತಲೆ ಹಾಕುವುದಿಲ್ಲ. ಅಲ್ಲಾಡಿಸಿದರೆ ಎಲ್ಲ ಕಡೆಗೂ ಪೆಟ್ಟು ಬೀಳುತ್ತದೆ. ಎರಡು ಮೂರು ನಿಮಿಷ ಅಲ್ಲಾಡಿಸಿ, ಉದ್ದಕ್ಕೆ, ಅಡ್ಡಕ್ಕೆ, ತಲೆಕೆಳಗಾಗಿ. ಆಮೇಲೆ ಎರಡೂ ಪ್ಲಗ್ ತೆಗೆದು, ಬೇಸಿನ್ ಮೇಲೆ ಬಟ್ಟೆ ಹಾಸಿ ಬಗ್ಗಿಸಿ. ಸಾಮಾನ್ಯವಾಗಿ ಎರಡೂ ತೂತು ಒಂದೇ ತುದಿಯಲ್ಲಿರುತ್ತವೆ. ಆಚೆ ತುದಿಯ ತೊಟ್ಟಿಯಲ್ಲಿ ನೀರೂ ಕಸವೂ ಉಳಿದುಬಿಡುತ್ತವೆ. ನಿಧಾನಕ್ಕೆ ಆ ಕಡೆ ಈ ಕಡೆ ಹೊರಳಿಸಿ, ಕೊನೆಯ ಗುಳಗುಳ ಸದ್ದು ನಿಲ್ಲುವವರೆಗೂ ಬಗ್ಗಿಸಿ.

ಮೊದಲ ನೀರು ನೋಡುವ ಹಾಗಿರುತ್ತದೆ. ನನ್ನ ಎರಡನೇ ರೇಡಿಯೇಟರ್‌ನಿಂದ ಬಂದದ್ದು ಮೂರನೇ ಸಲ ಇಳಿಸಿದ ಡಿಕಾಕ್ಷನ್ ಬಣ್ಣದ್ದು, ಮೇಲೆ ನೊರೆ, ಬಟ್ಟೆಯ ಮೇಲೆ ಹಿತ್ತಾಳೆಯ ಸುರುಳಿ ಚೂರು. ಬೆಳಗಿನ ಬಿಸಿಲಿಗೆ ಹಿಡಿದರೆ ಚಿನ್ನದಂಗಡಿ ಕಸದ ಹಾಗೆ ಹೊಳೆಯುತ್ತಿತ್ತು. ಎರಡನೇ ನೀರಿನಲ್ಲಿ ಬಣ್ಣ ಕಡಿಮೆ, ಚೂರು ಮೊದಲಿನಷ್ಟೇ. ನಾಲ್ಕನೆಯದಕ್ಕೆ ನೊರೆ ಹೋಯಿತು. ಏಳನೆಯದಕ್ಕೆ ಬಟ್ಟೆ ಬೆಳ್ಳಗೇ ಉಳಿಯಿತು. ಒಬ್ಬ ಸ್ನೇಹಿತನದು ಮೂರೇ ಸಲಕ್ಕೆ ಮುಗಿಯಿತು, ಇನ್ನೊಂದು ಹನ್ನೊಂದಕ್ಕೆ ಹೋಯಿತು. ಹಾಗಾಗಿ ಇಷ್ಟು ಸಲ ಅಂತ ಲೆಕ್ಕ ಇಟ್ಟುಕೊಳ್ಳಬೇಡಿ. ಸತತವಾಗಿ ಎರಡು ಸಲ ಬಟ್ಟೆಯ ಮೇಲೆ ಏನೂ ಸಿಗದಿದ್ದರೆ ಮುಂದಕ್ಕೆ ಹೋಗಬಹುದು. ಪಾತ್ರೆ ತೊಳೆಯುವ ಸೋಪು ಹಾಕಿದರೆ ಬೇಗ ಆಗಲ್ವಾ ಅಂದರೆ, ಆ ನೊರೆ ತೆಗೆಯಲು ಇನ್ನೂ ಹತ್ತು ಸಲ ತೊಳೆಯಬೇಕು. ನಾನು ಹಾಕುವುದಿಲ್ಲ.

ಈಗ ವಿನೆಗರ್. ವಾಟರ್ ಕೂಲಿಂಗ್ ಮಾಡುವವರಲ್ಲಿ ಇದೊಂದು ಮುಗಿಯದ ಜಗಳ. ಕೆಲವರು ವಿನೆಗರ್ ತುಂಬಿ ರಾತ್ರಿಯಿಡೀ ಬಿಡುತ್ತಾರೆ. ಅಮ್ಮ ಹಂಡೆ ಉಜ್ಜುವುದು ಹುಣಸೆಹಣ್ಣಿನಲ್ಲಿ, ತಾಮ್ರಕ್ಕೆ ಹುಳಿ ಒಳ್ಳೆಯದು ಅನ್ನುವುದು ನಮ್ಮ ತಲೆಯಲ್ಲಿ ಕೂತಿದೆ. ನಾನೂ ಒಂದು ಸಲ ಹಾಗೇ ಮಾಡಿದೆ. ಅಡುಗೆಮನೆಯ ಬಿಳಿ ವಿನೆಗರ್, ಅದರಲ್ಲಿ ನೂರಕ್ಕೆ ನಾಲ್ಕೈದು ಭಾಗ ಮಾತ್ರ ಆಸಿಡ್. ಅಷ್ಟರಿಂದ ಏನಾಗುತ್ತೆ ಅಂತ ತುಂಬಿಟ್ಟು ಶೂಟಿಂಗಿಗೆ ಹೋದೆ. ಸಂಜೆ ಬಂದು ಬಗ್ಗಿಸಿದರೆ ತಿಳಿ ನೀಲಿ ಹಸಿರು ನೀರು. ನನ್ನ ಜೊತೆಗಿದ್ದವನು ಮೂಡಿಗೆರೆ ಕಡೆಯ ತೋಟದವನು. "ಏನೋ ಇದು, ಬೋರ್ಡೋ ಕಲಸಿದೀಯಾ?" ಅಂತ ನಕ್ಕ. ನಗು ಅಲ್ಲಿಗೇ ನಿಂತಿತು. ಕಾಫಿ ತೋಟಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ನೀಲಿ ಬರುವುದು ಮೈಲುತುತ್ತದಿಂದ, ಅಂದರೆ ತಾಮ್ರದಿಂದ. ನನ್ನ ಬೇಸಿನ್‌ನಲ್ಲಿದ್ದ ನೀಲಿಯೂ ತಾಮ್ರವೇ. ಕಸ ಕರಗಿ ಬಂದದ್ದಲ್ಲ, ರೇಡಿಯೇಟರ್ರೇ ಕರಗಿ ಬಂದದ್ದು.

ಹಂಡೆಗೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲಿದೆ. ಹಂಡೆಯ ಗೋಡೆ ದಪ್ಪ. ಹುಣಸೆಹಣ್ಣು ತಾಗುವುದು ಹತ್ತು ನಿಮಿಷ, ಅದೂ ಹೊರಗಿನಿಂದ, ಕೂಡಲೇ ನೀರು ಹುಯ್ಯುತ್ತೇವೆ. ರೇಡಿಯೇಟರ್ ಕೊಳವೆಯ ಗೋಡೆ ಒಂದು ಮಿಲಿಮೀಟರಿನ ಸಣ್ಣ ಪಾಲು. ತಾಮ್ರ, ಹಿತ್ತಾಳೆ, ಬೆಸುಗೆ ಮೂರೂ ಒಟ್ಟಿಗಿವೆ. ಒಳಗೆ ಗಾಳಿಯೂ ಹುಳಿಯೂ ಸೇರಿದರೆ ತಾಮ್ರ ಇನ್ನೂ ಬೇಗ ಕರಗುತ್ತದೆ, ಅರ್ಧ ತುಂಬಿಟ್ಟರೆ ಆಗುವುದು ಅದೇ. ಹುಳಿ ಪೂರ್ತಿ ಹೋಗದೆ ಉಳಿದರೆ ಮುಂದೆ ಒಳಗೇ ಕಿಲುಬು ಕಟ್ಟುತ್ತದೆ. ಹಾಗಾಗಿ ಹೊಸ ರೇಡಿಯೇಟರ್‌ಗೆ ಬಿಸಿನೀರು ಮತ್ತು ತೋಳಿನ ಶಕ್ತಿ ಸಾಕು ಅನ್ನುವುದು ನನ್ನ ಅಭಿಪ್ರಾಯ. ಹತ್ತು ಸಲವಾದರೂ ನೀರು ಹಳದಿಯಾಗೇ ಬರುತ್ತಿದ್ದರೆ ಮಾತ್ರ, ಒಂದು ಪಾಲು ವಿನೆಗರ್‌ಗೆ ನಾಲ್ಕು ಪಾಲು ಬಿಸಿನೀರು ಸೇರಿಸಿ, ಹತ್ತು ನಿಮಿಷ ಅಲ್ಲಾಡಿಸಿ ಚೆಲ್ಲಿ. ಪಕ್ಕದಲ್ಲೇ ನಿಂತಿರಿ, ಬಿಟ್ಟು ಹೋಗಬೇಡಿ. ಆಮೇಲೆ ಐದಾರು ಸಲ ಬರೀ ನೀರು. ವಾಟರ್ ಕೂಲಿಂಗಿಗೆಂದೇ ಮಾರುವ ತೊಳೆಯುವ ಕಿಟ್ ತರಿಸಿದ್ದರೆ ಅದರ ಚೀಟಿಯಲ್ಲಿ ಬರೆದ ಹೊತ್ತನ್ನು ಮೀರಬೇಡಿ. ಟಾಯ್ಲೆಟ್ ತೊಳೆಯುವ ಆಸಿಡ್, ಕಟ್ಟಿದ ಪೈಪ್ ಬಿಡಿಸುವ ಕಾಸ್ಟಿಕ್ ಪುಡಿ, ಇವುಗಳ ಹೆಸರೂ ಎತ್ತಬೇಡಿ. ಒಬ್ಬ ಪುಣ್ಯಾತ್ಮ ನನ್ನನ್ನು ನಿಜವಾಗಲೂ ಕೇಳಿದ್ದಾನೆ.

ಚೆಲ್ಲುವ ನೀರನ್ನು ಗಿಡಕ್ಕೆ ಹಾಕಬೇಡಿ. ಮೀನಿನ ತೊಟ್ಟಿ ಹತ್ತಿರವಂತೂ ಬೇಡವೇ ಬೇಡ, ತಾಮ್ರ ಮೀನಿಗೆ ವಿಷ.

ಕಸ ಹೋಯಿತು ಅಂದಮೇಲೆ ಹಂಡೆ ನೀರಿನ ಕೆಲಸ ಮುಗಿಯಿತು. ಅದರಲ್ಲಿ ಸುಣ್ಣ ಇದೆ. ನಮ್ಮ ಮನೆಗೆ ನಗರಸಭೆಯ ನಲ್ಲಿ ನೀರೂ ಇದೆ, ಬೋರ್‌ವೆಲ್ ನೀರೂ ಇದೆ. ಹಂಡೆಯೊಳಗೆ ಕಟ್ಟಿರುವ ಬಿಳಿ ಹಕ್ಕಳೆ ನೋಡಿದರೆ ಬೋರ್‌ವೆಲ್ ಏನು ಅಂತ ತಿಳಿಯುತ್ತದೆ. ಅದರ ಹನಿಗಳು ಒಳಗೆ ಉಳಿದರೆ ಕೂಲೆಂಟಿಗೆ ಸೇರುತ್ತವೆ. ಆದ್ದರಿಂದ ಕೊನೆಯ ಮೂರು ಸಲ ಡಿಸ್ಟಿಲ್ಡ್ ವಾಟರ್. ಬ್ಯಾಟರಿ ಅಂಗಡಿಯಲ್ಲಿ ಐದು ಲೀಟರ್ ಕ್ಯಾನ್ ಸಿಗುತ್ತದೆ. ಕೇಳುವಾಗ ಸರಿಯಾಗಿ ಕೇಳಿ. ಅದೇ ಅಂಗಡಿಯಲ್ಲಿ ಬ್ಯಾಟರಿ ಆಸಿಡ್ ಕೂಡ ಕ್ಯಾನ್‌ನಲ್ಲೇ ಇರುತ್ತದೆ. ಬ್ಯಾಟರಿ ನೀರು ಅಂತ ಮಾರುವುದೆಲ್ಲ ಒಂದೇ ಗುಣಮಟ್ಟದ್ದೂ ಅಲ್ಲ. ಮನೆಯ ಆರ್‌ಓ ಫಿಲ್ಟರ್ ನೋಡಲು ತಂದ ಪೆನ್ನಿನಂಥ ಟಿಡಿಎಸ್ ಮೀಟರ್ (ನೀರಿನಲ್ಲಿ ಎಷ್ಟು ಲವಣ ಕರಗಿದೆ ಅಂತ ಹೇಳುವುದು) ಇದ್ದರೆ ಅದ್ದಿ ನೋಡಿ, ಸೊನ್ನೆಯೋ ಒಂದೆರಡೋ ತೋರಿಸಬೇಕು. ನಾನು ತಂದ ಒಂದು ಕ್ಯಾನ್ 40 ತೋರಿಸಿತು. ವಾಪಸ್ ಕೊಡಲು ಹೋದರೆ ಅಂಗಡಿಯವರು ಮೀಟರನ್ನೇ ಅನುಮಾನದಿಂದ ನೋಡಿದರು.

ಡಿಸ್ಟಿಲ್ಡ್ ವಾಟರನ್ನೂ ಬಿಸಿ ಮಾಡಿಯೇ ಹಾಕಿ. ಎರಡು ಸಲ ಅಲ್ಲಾಡಿಸಿ ಚೆಲ್ಲಿ, ಮೂರನೆಯದನ್ನು ಪೂರ್ತಿ ತುಂಬಿ ಆರಲು ಬಿಟ್ಟು, ಆಮೇಲೆ ಪ್ಲಗ್ ಹಾಕಿ ರಾತ್ರಿಯಿಡೀ ಬಿಡಿ. ಈ ಹಂತ ತಪ್ಪಿಸಬೇಡಿ ಅಂತ ಒತ್ತಿ ಹೇಳುತ್ತೇನೆ. ಕಣ್ಣಿಗೆ ಕಾಣುವ ಚೂರು ಅಲ್ಲಾಡಿಸಿದರೆ ಬರುತ್ತದೆ, ಅಂಟಿಕೊಂಡ ಫ್ಲಕ್ಸ್ ನೆನೆದರೇ ಬರುವುದು. ಬೆಳಿಗ್ಗೆ ಆ ನೀರನ್ನು ಗಾಜಿನ ಲೋಟಕ್ಕೆ ಬಗ್ಗಿಸಿ, ಪಕ್ಕದಲ್ಲಿ ಹೊಸ ಡಿಸ್ಟಿಲ್ಡ್ ವಾಟರ್ ಲೋಟ ಇಟ್ಟು ಹೋಲಿಸಿ. ಬಣ್ಣದಲ್ಲಿ ವ್ಯತ್ಯಾಸ ಕಾಣಬಾರದು. ಮೀಟರ್ ಅದ್ದಿ. ನಿನ್ನೆ 1 ಇದ್ದದ್ದು ಇವತ್ತು 30 ಆಗಿದ್ದರೆ ಒಳಗಿಂದ ಇನ್ನೂ ಏನೋ ಕರಗುತ್ತಿದೆ ಅಂತ ಅರ್ಥ. ಮತ್ತೆ ಬಿಸಿನೀರಿಗೆ ಹೋಗಿ.

480 ಎಂಎಂನಂಥ ದೊಡ್ಡದನ್ನು ಅಲ್ಲಾಡಿಸಿದರೆ ಭುಜ ಬಿದ್ದುಹೋಗುತ್ತದೆ. ಅದಕ್ಕೆ ಮೀನಿನ ತೊಟ್ಟಿಯ ಪಂಪ್ ಇಟ್ಟುಕೊಂಡಿದ್ದೇನೆ. ಮೊದಲು ಆದಷ್ಟು ಕೈಯಲ್ಲೇ ಅಲ್ಲಾಡಿಸಿ, ಆಮೇಲೆ ಬಕೆಟ್ಟಿಗೆ ಉಗುರುಬೆಚ್ಚಗಿನ ನೀರು ಹಾಕಿ, ವಾಪಸ್ ಬರುವ ಪೈಪಿನ ಬಾಯಿಗೆ ಕಾಫಿ ಬಟ್ಟೆ ಕಟ್ಟಿ, ಒಂದು ಗಂಟೆ ಒಂದು ದಿಕ್ಕಿಗೆ, ಒಂದು ಗಂಟೆ ಎದುರು ದಿಕ್ಕಿಗೆ ಓಡಿಸುತ್ತೇನೆ. ಜೋಡಣೆಗೆ ಬಳಸುವ ಹೊಸ ಪಂಪನ್ನು ಈ ಕೆಲಸಕ್ಕೆ ಹಚ್ಚಬೇಡಿ, ಚೂರೆಲ್ಲ ಅದರ ಚಕ್ರಕ್ಕೇ ಹೋಗುತ್ತದೆ.

ಒಣಗಿಸಲು ಟಯರ್ ಅಂಗಡಿಯ ಕಂಪ್ರೆಸರ್ ಗಾಳಿ ಹೊಡೆಸುವವರಿದ್ದಾರೆ. ಆ ಗಾಳಿಯಲ್ಲಿ ಎಣ್ಣೆ ಇರುತ್ತದೆ, ನೀರಿನ ಹನಿ ಇರುತ್ತದೆ. ಒತ್ತಡವೂ ರೇಡಿಯೇಟರ್ ತಡೆಯುವುದಕ್ಕಿಂತ ಎಷ್ಟೋ ಜಾಸ್ತಿ. ಬೇಡ. ತೂತು ಕೆಳಗೆ ಮಾಡಿ ಗೋಡೆಗೆ ಒರಗಿಸಿ ಒಂದು ದಿನ ಬಿಟ್ಟರೆ ಸಾಕು. ಒಳಗೆ ನಾಲ್ಕು ಹನಿ ಡಿಸ್ಟಿಲ್ಡ್ ವಾಟರ್ ಉಳಿದರೆ ನಷ್ಟವಿಲ್ಲ. ಮಳೆಗಾಲದಲ್ಲಿ ಇಲ್ಲಿ ಬಟ್ಟೆಯೇ ವಾರವಾದರೂ ಒಣಗಲ್ಲ, ರೇಡಿಯೇಟರ್ ಒಣಗುತ್ತೆ ಅಂತ ಕಾಯುತ್ತಾ ಕೂರಬೇಡಿ. ಸೋರಿಕೆ ನೋಡುವುದಾದರೆ ಒತ್ತಡ ತೋರಿಸುವ ಮೀಟರ್ ಇರುವ ಕೈಪಂಪಿನಲ್ಲಿ 0.5 ಬಾರ್‌ವರೆಗೆ ಮಾತ್ರ ಗಾಳಿ ತುಂಬಿ, ಕಾಲು ಗಂಟೆ ಮುಳ್ಳು ಕದಲುತ್ತದಾ ನೋಡಿ. ಕದಲಿದರೆ ಪಂಕ್ಚರ್ ಅಂಗಡಿಯವರು ಟ್ಯೂಬ್ ನೋಡುವ ಹಾಗೆ ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಗುಳ್ಳೆ ಎಲ್ಲಿಂದ ಅಂತ ತಿಳಿಯುತ್ತದೆ. ಬಹುತೇಕ ಪ್ಲಗ್ಗಿನ ರಬ್ಬರ್ ರಿಂಗ್‌ದೇ ತಪ್ಪಿರುತ್ತದೆ.

ಫ್ಯಾನ್ ಕೂರಿಸುವಾಗ ಸ್ಕ್ರೂ ಉದ್ದ ನೋಡಿ. 25 ಎಂಎಂ ದಪ್ಪದ ಫ್ಯಾನ್‌ಗೆ 30 ಎಂಎಂ ಸ್ಕ್ರೂ ಸರಿ. ಅದಕ್ಕಿಂತ ಉದ್ದದ್ದು ಹಾಕಿದರೆ ಕೆಲವು ರೇಡಿಯೇಟರ್‌ಗಳಲ್ಲಿ ನೇರ ಕೊಳವೆಗೇ ಚುಚ್ಚುತ್ತದೆ. ಎರಡು ದಿನ ತೊಳೆದದ್ದು ಒಂದು ತಿರುಪಿನಲ್ಲಿ ಹೋಗುತ್ತದೆ.

ಎಲ್ಲ ಜೋಡಿಸಿದ ಮೇಲೆ ಕೂಡಲೇ ಬಣ್ಣದ ಕೂಲೆಂಟ್ ಹಾಕಬೇಡಿ. ಬರೀ ಡಿಸ್ಟಿಲ್ಡ್ ವಾಟರ್ ತುಂಬಿ, ಪವರ್ ಸಪ್ಲೈನಿಂದ ಮದರ್‌ಬೋರ್ಡಿಗೆ ಹೋಗುವ 24 ಪಿನ್ನಿನ ಕನೆಕ್ಟರ್ ಬಿಚ್ಚಿ ಅದಕ್ಕೆ ಜಂಪರ್ ಪ್ಲಗ್ (ಮದರ್‌ಬೋರ್ಡ್ ಇಲ್ಲದೆಯೂ ಪವರ್ ಸಪ್ಲೈ ಆನ್ ಮಾಡುವುದು) ಹಾಕಿ, ಪಂಪ್ ಒಂದನ್ನೇ ಒಂದು ದಿನ ಓಡಿಸಿ. ಮದರ್‌ಬೋರ್ಡಿಗೆ ಕರೆಂಟ್ ಹೋಗಿರಬಾರದು. ಫಿಟ್ಟಿಂಗ್‌ಗಳ ಕೆಳಗೆ ಟಿಶ್ಯೂ ಹಾಸಿಡಿ, ಸೋರಿದರೆ ಅದೇ ಹೇಳುತ್ತದೆ. ಮಾರನೇ ದಿನ ಆ ನೀರನ್ನು ಬಟ್ಟೆಯಲ್ಲಿ ಸೋಸಿ ಚೆಲ್ಲಿ ಕೂಲೆಂಟ್ ತುಂಬಿ. ಮೊದಲ ತಿಂಗಳು ವಾರಕ್ಕೊಮ್ಮೆ ಬ್ಲಾಕ್‌ನ ಪಾರದರ್ಶಕ ಮುಚ್ಚಳದ ಮೇಲೆ ಟಾರ್ಚ್ ಬಿಟ್ಟು ನೋಡಿ. ಗೀರುಗಳ ನಡುವೆ, ನೀರು ಒಳಗೆ ಬರುವ ಮಧ್ಯದ ಸಾಲಿನಲ್ಲೇ ಕಸ ಮೊದಲು ಕಾಣುವುದು.